ಘಾಟಿಯಲ್ಲಿ ಹೆಡ್‌ಲೈಟ್ ಮಿಣುಕುತ್ತಿದೆ, ಬ್ಯಾಟರಿ ಹೊಸದು. ಆಲ್ಟರ್ನೇಟರ್ ಬದಲಾಯಿಸಲೇಬೇಕಾ?

ಕಾಫಿತೋಟ_ಕಾರು · ಭಾನುವಾರ ರಾತ್ರಿ 10:40

ಎಲ್ಲರಿಗೂ ನಮಸ್ಕಾರ. ಸ್ವಲ್ಪ ಉದ್ದ ಇದೆ, ಬೇಜಾರು ಮಾಡಿಕೊಳ್ಳಬೇಡಿ.

ನನ್ನದು 2011ರ ಡೀಸೆಲ್ ಹ್ಯಾಚ್‌ಬ್ಯಾಕ್. 1,32,000 ಕಿ.ಮೀ. ಓಡಿದೆ. ಮನೆ ಮೂಡಿಗೆರೆ ಹತ್ತಿರ. ಹದಿನೈದು ದಿನದಿಂದ ಹೆಡ್‌ಲೈಟ್ ಮಿಣುಕುತ್ತಿದೆ. ಮೊದಲು ಯಾವಾಗಲೋ ಒಮ್ಮೆ ಆಗುತ್ತಿತ್ತು, ನಾನೂ ತಲೆ ಕೆಡಿಸಿಕೊಳ್ಳಲಿಲ್ಲ. ಶುಕ್ರವಾರ ರಾತ್ರಿ ಅಮ್ಮನನ್ನು ಕೂರಿಸಿಕೊಂಡು ಚಾರ್ಮಾಡಿ ಇಳಿಯುತ್ತಿದ್ದೆ. ಕೊಟ್ಟಿಗೆಹಾರ ದಾಟಿದ ಮೇಲೆ ಮಂಜು, ಜೊತೆಗೆ ಮಳೆ. ವೈಪರ್ ಓಡುತ್ತಿದೆ, ಗಾಜಿನ ಆವಿ ಹೋಗಲಿ ಅಂತ ಬ್ಲೋವರ್ ಜೋರಾಗಿ ಇಟ್ಟಿದ್ದೇನೆ. ಪ್ರತಿ ತಿರುವಿನಲ್ಲೂ ಬ್ರೇಕ್ ತುಳಿದ ತಕ್ಷಣ ಲೈಟ್ ಮಂಕಾಗುತ್ತದೆ, ಆಮೇಲೆ ಪುಕಪುಕ ಅನ್ನುತ್ತದೆ. ಆಕ್ಸಿಲರೇಟರ್ ಕೊಟ್ಟರೆ ಸ್ವಲ್ಪ ಹೊತ್ತು ಸರಿ. ಇಳಿಜಾರಿನಲ್ಲಿ ಎಷ್ಟು ಅಂತ ಆಕ್ಸಿಲರೇಟರ್ ಕೊಡಲಿ? ಅಮ್ಮ ಹಿಂದಿನಿಂದ "ಸೀಮೆಎಣ್ಣೆ ಬುಡ್ಡಿ ಥರ ಆಡ್ತಿದೆಯಲ್ಲೋ" ಅಂದರು. ಉಜಿರೆ ಬರುವವರೆಗೆ ಕೈ ನಡುಗುತ್ತಿತ್ತು.

ಇದಕ್ಕಿಂತ ಮೊದಲೇ ಪೇಟೆಯ ಒಂದು ಅಂಗಡಿಯಲ್ಲಿ ತೋರಿಸಿದ್ದೆ. ಬ್ಯಾಟರಿ ಹೋಗಿದೆ ಅಂದರು. 5,400 ಕೊಟ್ಟು ಹೊಸದು ಹಾಕಿಸಿದೆ. ಎರಡು ದಿನ ಸರಿ ಇತ್ತು, ಮೂರನೇ ದಿನ ಮತ್ತೆ ಅದೇ ರಾಗ. ಈಗ ಅದೇ ಅಂಗಡಿಯವರು ಆಲ್ಟರ್ನೇಟರ್ (ಇಂಜಿನ್ ಓಡುವಾಗ ಕರೆಂಟ್ ಹುಟ್ಟಿಸಿ ಬ್ಯಾಟರಿ ಚಾರ್ಜ್ ಮಾಡುವ ಯಂತ್ರ) ಬದಲಾಯಿಸಬೇಕು, 9,000 ಆಗುತ್ತದೆ ಅನ್ನುತ್ತಿದ್ದಾರೆ.

ಬಲ್ಬ್ ಮಾಮೂಲಿ ಎಚ್4 ಹ್ಯಾಲೊಜೆನ್, 60/55 ವ್ಯಾಟ್. ಎಲ್‌ಇಡಿ ಗಿಲ್‌ಇಡಿ ಏನೂ ಹಾಕಿಸಿಲ್ಲ. ಇತ್ತೀಚೆಗೆ ಬೇರೆ ಯಾವ ಕೆಲಸವನ್ನೂ ಮಾಡಿಸಿಲ್ಲ. 9,000 ಹಾಕಲಾ, ಬೇಡವಾ?

ನಾಲ್ಕುಚಕ್ರ · 10:52

ಆಲ್ಟರ್ನೇಟರೇ. ಕಣ್ಣು ಮುಚ್ಚಿಕೊಂಡು ಹೇಳುತ್ತೇನೆ.

ಮೆಜೆಸ್ಟಿಕ್_ಟ್ಯಾಕ್ಸಿ · 10:58

ಕಣ್ಣು ಮುಚ್ಚಿಕೊಂಡು ಹೇಳಿದ್ದಕ್ಕೇ ಅವರ 5,400 ಹೋಗಿದ್ದು ಸಾರ್.

ಹಳೇ_ಡೈನಮೋ (ದಾವಣಗೆರೆ) · 11:15

ತಮ್ಮಾ, ದುಡ್ಡು ಬಿಚ್ಚುವ ಮುಂಚೆ ನಾಲ್ಕು ಪ್ರಶ್ನೆಗೆ ಉತ್ತರ ಕೊಡು. ಎರಡೂ ಲೈಟ್ ಒಟ್ಟಿಗೆ ಮಿಣುಕುತ್ತವಾ, ಒಂದೇನಾ? ಒಳಗೆ ಮೀಟರ್ ಬೋರ್ಡಿನ ಲೈಟೂ ಜೊತೆಗೆ ಮಿಣುಕುತ್ತದಾ? ಹಳ್ಳಕ್ಕೆ ಇಳಿದು ಗಾಡಿ ಕುಲುಕಿದಾಗ ಜಾಸ್ತಿಯಾಗುತ್ತದಾ? ಬೆಳಿಗ್ಗೆ ಸೆಲ್ಫ್ ಹೊಡೆದರೆ ಚುರುಕಾಗಿ ತಿರುಗುತ್ತದಾ, ಎಳೆದೆಳೆದು ತಿರುಗುತ್ತದಾ?

ಒಂದೇ ಲೈಟ್ ಆದರೆ ಆ ಬದಿಯ ಬಲ್ಬು, ಹೋಲ್ಡರ್ ಅಥವಾ ಅದರ ಅರ್ಥ್ ವೈರ್, ಅಂದರೆ ಕರೆಂಟ್ ಬಾಡಿಯ ಮೂಲಕ ಬ್ಯಾಟರಿ ಮೈನಸ್ಸಿಗೆ ವಾಪಸ್ ಹೋಗುವ ದಾರಿ. ಎರಡೂ ಮಿಣುಕಿ ಒಳಗಿನ ಲೈಟ್ ಅಲುಗಾಡದೆ ನಿಂತಿದ್ದರೆ ಸ್ಟೇರಿಂಗ್ ಪಕ್ಕದ ಕಾಂಬಿನೇಷನ್ ಸ್ವಿಚ್ಚು, ಇಲ್ಲವೇ ರಿಲೇ (ಸಣ್ಣ ಕರೆಂಟಿನಿಂದ ದೊಡ್ಡ ಕರೆಂಟ್ ಆನ್ ಮಾಡುವ ಸ್ವಿಚ್ಚು). ಎಲ್ಲವೂ ಒಟ್ಟಿಗೆ ಮಿಣುಕಿದರೆ ಚಾರ್ಜಿಂಗ್ ಅಥವಾ ಮೇನ್ ಅರ್ಥ್. ಮೂವತ್ತು ವರ್ಷ ಇದೇ ಕೆಲಸ ಮಾಡಿದ್ದೇನೆ. ಈಗ ಅಂಗಡಿ ಮಗ ನೋಡಿಕೊಳ್ಳುತ್ತಾನೆ, ನಾನು ಇಲ್ಲಿ ಕೂತು ಕೊರೆಯುತ್ತೇನೆ.

ಮೆಜೆಸ್ಟಿಕ್_ಟ್ಯಾಕ್ಸಿ · 11:24

ಹೋಲ್ಡರ್ ಅಂದಾಗ ನೆನಪಾಯಿತು. ನನ್ನ ಹಳೇ ಗಾಡಿಗೆ 90/100 ವ್ಯಾಟ್ ಬಲ್ಬ್ ಹಾಕಿಸಿದ್ದೆ. ಹೊಸೂರು ರಸ್ತೆಯಲ್ಲಿ ಹಗಲು ಮಾಡಿಬಿಡುತ್ತೇನೆ ಅಂತ ಉತ್ಸಾಹ. ಮೂರು ತಿಂಗಳು ಚೆನ್ನಾಗಿತ್ತು. ಒಂದು ರಾತ್ರಿ ಎಡಗಡೆಯದು ಮಿಣುಕಿ ಆರಿಹೋಯಿತು. ಬಾನೆಟ್ ಎತ್ತಿದರೆ ಪ್ಲಾಸ್ಟಿಕ್ ಸುಟ್ಟ ವಾಸನೆ. ಹೋಲ್ಡರ್ ಹಪ್ಪಳದ ಹಾಗೆ ಸೊಟ್ಟಗಾಗಿ ಬಲ್ಬಿಗೇ ಅಂಟಿಕೊಂಡಿತ್ತು. ಬಿಡಿಸಲು ಹೋದರೆ ಬಲ್ಬಿನ ಕಾಲು ಹೋಲ್ಡರಿನಲ್ಲೇ ಉಳಿಯಿತು.

ಹಳೇ_ಡೈನಮೋ · 11:31

ಇನ್ನೇನಾಗುತ್ತದೆ? 55 ವ್ಯಾಟಿನ ಎರಡು ಬಲ್ಬಿಗೆ ಸುಮಾರು 9 ಆಂಪಿಯರ್. ಕಂಪನಿ ವೈರು, ಹೋಲ್ಡರ್, ಸ್ವಿಚ್ಚು ಎಲ್ಲಾ ಅದಕ್ಕೆ ಲೆಕ್ಕ ಹಾಕಿ ಕೊಟ್ಟಿರುತ್ತಾರೆ. 100 ವ್ಯಾಟ್ ಎರಡು ಹಾಕಿದರೆ 16 ದಾಟುತ್ತದೆ. ರಿಲೇ ಇಲ್ಲದೆ ಹಾಕಿದರೆ ಮೊದಲು ಸ್ವಿಚ್ಚಿನ ಪಾಯಿಂಟ್ ಸುಡುತ್ತದೆ, ಆಮೇಲೆ ಹೋಲ್ಡರ್. ಸುಟ್ಟ ಪಾಯಿಂಟ್ ಕೂಡ ಮಿಣುಕಿಸುತ್ತದೆ. ಡಿಮ್-ಡಿಪ್ ಹಿಡಿಯನ್ನು ಸ್ವಲ್ಪ ಅಲುಗಾಡಿಸಿದಾಗ ಲೈಟ್ ಹೋಗಿ ಬಂದರೆ ಅದೇ ಕಳ್ಳ.

ಕುಡ್ಲದ_ಹುಡುಗಿ · 11:40

ನನ್ನದೂ ಮಿಣುಕುತ್ತದೆ! ಆದರೆ ಕಣ್ಣಿಗೆ ಕಾಣುವುದಿಲ್ಲ, ಮೊಬೈಲಿನಲ್ಲಿ ವಿಡಿಯೊ ಮಾಡಿದರೆ ಮಾತ್ರ ಕಾಣುತ್ತದೆ. ಕಂಪನಿಯಿಂದಲೇ ಬಂದ ಎಲ್‌ಇಡಿ. ಸರ್ವಿಸ್ ಸೆಂಟರಿನವರು ಏನೂ ಇಲ್ಲ ಅಂತ ಕಳಿಸಿದರು. ಮೋಸ ಮಾಡುತ್ತಿದ್ದಾರಾ?

ತಂತಿ_ತರಂಗ · 11:49

ಇಲ್ಲ, ಅವರು ಹೇಳಿದ್ದು ಸರಿ. ಎಲ್‌ಇಡಿಯ ಬೆಳಕು ಕಡಿಮೆ ಜಾಸ್ತಿ ಮಾಡಲು ಅದನ್ನು ಸೆಕೆಂಡಿಗೆ ನೂರಾರು ಸಲ ಆನ್-ಆಫ್ ಮಾಡುತ್ತಾರೆ. ನಮ್ಮ ಕಣ್ಣಿಗೆ ಗೊತ್ತಾಗುವುದಿಲ್ಲ, ಕ್ಯಾಮೆರಾಗೆ ಗೊತ್ತಾಗುತ್ತದೆ. ಅದು ರೋಗವಲ್ಲ.

ಹ್ಯಾಲೊಜೆನ್ ಇದ್ದ ಜಾಗಕ್ಕೆ ಹೊರಗಿನ ಎಲ್‌ಇಡಿ ಹಾಕಿಸಿದವರದು ಬೇರೆ ಕಥೆ. ಕೆಲವು ಕಾರುಗಳ ಕಂಪ್ಯೂಟರ್ ಬಲ್ಬ್ ಬದುಕಿದೆಯಾ ಅಂತ ಆಗಾಗ ಸಣ್ಣ ಸಣ್ಣ ಪಲ್ಸ್ ಕಳಿಸಿ ನೋಡುತ್ತದೆ. ಹ್ಯಾಲೊಜೆನ್ ತಂತಿ ಕಾದಿರುವುದರಿಂದ ಆ ಅಂತರ ತೋರುವುದಿಲ್ಲ. ಎಲ್‌ಇಡಿಗೆ ಅಂಥ ಬಿಸಿ ಇಲ್ಲ, ಕರೆಂಟ್ ಬಂದರೆ ಹತ್ತುತ್ತದೆ, ಹೋದರೆ ಆರುತ್ತದೆ. ಅದಕ್ಕೇ ಡಿಕೋಡರ್ ಅಂತ ಒಂದು ಡಬ್ಬಿ ಜೊತೆಗೆ ಮಾರುತ್ತಾರೆ.

ನಾಲ್ಕುಚಕ್ರ · 11:55

ಎಲ್‌ಇಡಿ ಹಾಕಿಸಿದವರಿಗೆಲ್ಲ ಫೈನ್ ಹಾಕಬೇಕು. ರಾತ್ರಿ ಎದುರಿಗೆ ಬಂದರೆ ದೇವರೇ ಗತಿ.

ಮೆಜೆಸ್ಟಿಕ್_ಟ್ಯಾಕ್ಸಿ · 11:57

2024ರ ಜುಲೈನಲ್ಲಿ ರಾಜ್ಯದಲ್ಲಿ ಪೊಲೀಸರು ಕೇಸ್ ಹಾಕಲು ಶುರು ಮಾಡಿದ್ದರಲ್ಲ. ಸ್ವಲ್ಪ ದಿನ ಎಲ್ಲರೂ ಬಿಚ್ಚಿಟ್ಟರು. ಈಗ ಮತ್ತೆ ಅದೇ. ಲಾರಿಯವರನ್ನು ಬಿಡಿ, ಸ್ಕೂಟರಿನವರೂ ಹಾಕಿಕೊಂಡಿದ್ದಾರೆ.

ಕಾಫಿತೋಟ_ಕಾರು · ಸೋಮವಾರ ಬೆಳಿಗ್ಗೆ 7:20

ನಮ್ಮಲ್ಲಿ ರಾತ್ರಿ ಕರೆಂಟ್ ಹೋಗಿತ್ತು, ಈಗ ನೋಡಿದೆ. ಯಜಮಾನ್ರೇ, ಉತ್ತರ ಇಲ್ಲಿದೆ. ಎರಡೂ ಲೈಟ್ ಒಟ್ಟಿಗೆ. ಮೀಟರ್ ಬೋರ್ಡು, ಒಳಗಿನ ದೀಪ ಎಲ್ಲಾ ಜೊತೆಗೇ ಮಿಣುಕುತ್ತವೆ. ಕುಲುಕಿದರೆ ಜಾಸ್ತಿ. ಸೆಲ್ಫ್ ಮಾತ್ರ ವಿಚಿತ್ರ. ಹೊಸ ಬ್ಯಾಟರಿ ಇದ್ದರೂ ಒಂದೊಂದು ಸಲ "ಟಕ್" ಅಂತ ಸುಮ್ಮನಾಗುತ್ತದೆ. ಮತ್ತೊಮ್ಮೆ ಹೊಡೆದರೆ ಸ್ಟಾರ್ಟ್.

ಮೀಟರಿನಲ್ಲಿ ಕೆಂಪು ಬ್ಯಾಟರಿ ಚಿಹ್ನೆ ಒಂದು ಸಲವೂ ಬಂದಿಲ್ಲ. ಹಾಗಾದರೆ ಆಲ್ಟರ್ನೇಟರ್ ಸರಿ ಇದೆ ಅಂತ ತಾನೇ?

ತಂತಿ_ತರಂಗ · 7:41

ಅದನ್ನು ನಂಬಬೇಡಿ. ಚಾರ್ಜಿಂಗ್ ಪೂರ್ತಿ ನಿಂತಾಗ ಆ ಲೈಟ್ ಬರುತ್ತದೆ. ಅರೆಬರೆ ಕೆಲಸ ಮಾಡುತ್ತಿದ್ದರೆ ಎಷ್ಟೋ ಸಲ ಬರುವುದಿಲ್ಲ. ಆಲ್ಟರ್ನೇಟರ್ ಒಳಗಿನ ಡಯೋಡ್ (ಎಸಿ ಕರೆಂಟನ್ನು ಡಿಸಿ ಮಾಡುವ ಭಾಗ) ಒಂದು ಹೋದರೂ ಬಾರದೇ ಇರಬಹುದು.

ನಾಲ್ಕುಚಕ್ರ · 7:50

ಇಷ್ಟೆಲ್ಲಾ ಯಾಕೆ? ಸುಲಭದ ಟೆಸ್ಟ್ ಇದೆ. ಇಂಜಿನ್ ಸ್ಟಾರ್ಟ್ ಮಾಡಿ, ಓಡುತ್ತಿರುವಾಗಲೇ ಬ್ಯಾಟರಿಯ ಒಂದು ಟರ್ಮಿನಲ್ ಕಿತ್ತುಬಿಡಿ. ಬಂದ್ ಆದರೆ ಆಲ್ಟರ್ನೇಟರ್ ಸತ್ತಿದೆ. ನಮ್ಮ ಮಾವ ಯಾವಾಗಲೂ ಹೀಗೇ ನೋಡುವುದು.

ತಂತಿ_ತರಂಗ · 7:52

ಬೇಡ ಬೇಡ ಬೇಡ. ದಯವಿಟ್ಟು ಯಾರೂ ಮಾಡಬೇಡಿ.

ನಾಲ್ಕುಚಕ್ರ · 7:54

ಯಾಕೆ ಸ್ವಾಮಿ? ನೂರು ಸಲ ಮಾಡಿದ್ದೇವೆ, ಏನೂ ಆಗಿಲ್ಲ.

ತಂತಿ_ತರಂಗ · 8:03

ಹೆಲ್ಮೆಟ್ ಇಲ್ಲದೆ ನೂರು ಸಲ ಓಡಿಸಿದ್ದೇನೆ ಅಂದ ಹಾಗಾಯಿತು. ಆಲ್ಟರ್ನೇಟರ್ ಜೋರಾಗಿ ಚಾರ್ಜ್ ಮಾಡುತ್ತಿರುವಾಗ ಬ್ಯಾಟರಿಯನ್ನು ಕಿತ್ತರೆ, ಆ ಕರೆಂಟಿಗೆ ಹೋಗಲು ಜಾಗ ಇಲ್ಲ. ವೋಲ್ಟೇಜ್ ಹಿಡಿತದಲ್ಲಿಡುವ ರೆಗ್ಯುಲೇಟರ್ ಎಚ್ಚರಾಗುವ ಮೊದಲೇ ವೋಲ್ಟೇಜ್ ಒಂದು ಕ್ಷಣ 14ರಿಂದ ಹತ್ತಾರು ವೋಲ್ಟ್ ಮೇಲಕ್ಕೆ ಹಾರುತ್ತದೆ. ಅದು ನೇರ ಇಸಿಯುಗೆ (ಇಂಜಿನ್ನಿನ ಕಂಪ್ಯೂಟರ್), ಏರ್‌ಬ್ಯಾಗ್ ಮಾಡ್ಯೂಲಿಗೆ, ಮೀಟರ್ ಬೋರ್ಡಿಗೆ. ಇಸಿಯು ಹೋದರೆ 9,000ದಲ್ಲಿ ಮುಗಿಯುವುದಿಲ್ಲ.

ಹಳೇ_ಡೈನಮೋ · 8:20

ಇಬ್ಬರೂ ಜಗಳ ನಿಲ್ಲಿಸಿ. ನಾಲ್ಕುಚಕ್ರದವರ ಮಾವ ಹೇಳಿದ್ದು ಸುಳ್ಳಲ್ಲ, ಕಾರ್ಬ್ಯುರೇಟರ್ ಕಾಲದಲ್ಲಿ ನಾನೂ ಹಾಗೇ ನೋಡಿದವನು. ಆಗ ಗಾಡಿಯಲ್ಲಿ ಸುಡುವಂಥದ್ದು ಏನೂ ಇರಲಿಲ್ಲ, ಜಾಸ್ತಿ ಅಂದರೆ ಒಂದು ರೇಡಿಯೊ. ಈಗ ಮಾಡಿದರೆ ಮನೆ ಹಾಳು.

ತಮ್ಮಾ, ಒಂದು ಮಲ್ಟಿಮೀಟರ್ ಸಂಪಾದಿಸು. 300 ರೂಪಾಯಿಯದ್ದಾದರೂ ಸಾಕು. ಡಿಸಿ 20ರಲ್ಲಿ ಇಟ್ಟು ಬ್ಯಾಟರಿಯ ಎರಡು ಕಂಬಕ್ಕೆ ಹಿಡಿ. ಕ್ಲ್ಯಾಂಪಿಗೆ ಅಲ್ಲ, ಸೀಸದ ಕಂಬಕ್ಕೇ. ಬೆಳಿಗ್ಗೆ ಸ್ಟಾರ್ಟ್ ಮಾಡುವ ಮುಂಚೆ ಎಷ್ಟು? 12.6 ಅಂದರೆ ಪೂರ್ತಿ ಚಾರ್ಜ್. ಇಂಜಿನ್ ಓಡುವಾಗ ಎಷ್ಟು? ನಿನ್ನ ಗಾಡಿಗೆ 13.8ರಿಂದ 14.5ರ ಒಳಗೆ ಇರಬೇಕು. ಆಮೇಲೆ ಹೆಡ್‌ಲೈಟ್, ಬ್ಲೋವರ್, ಹಿಂದಿನ ಗಾಜಿನ ಹೀಟರ್ ಇದ್ದರೆ ಅದು, ಎಲ್ಲಾ ಹಾಕಿ ಮತ್ತೆ ನೋಡು. ಮೂರೂ ಬರೆದು ಹಾಕು.

ಕುಡ್ಲದ_ಹುಡುಗಿ · 8:26

ನನ್ನ ಹೊಸ ಕಾರಿನಲ್ಲಿ ಓಡಿಸುವಾಗ ಒಮ್ಮೊಮ್ಮೆ 12.8 ತೋರಿಸುತ್ತದೆ, ಒಮ್ಮೊಮ್ಮೆ 14.7. ಇದು ರೋಗವಾ?

ತಂತಿ_ತರಂಗ · 8:30

ಅಲ್ಲ ಮೇಡಂ. ಹೊಸ ಕಾರುಗಳಲ್ಲಿ ಡೀಸೆಲ್, ಪೆಟ್ರೋಲ್ ಉಳಿಸಲು ಕಂಪ್ಯೂಟರೇ ಚಾರ್ಜಿಂಗ್ ಕಡಿಮೆ ಜಾಸ್ತಿ ಮಾಡುತ್ತದೆ. ಯಜಮಾನರು ಹೇಳಿದ ಲೆಕ್ಕ 2011ರ ಗಾಡಿಗೆ. ನೀವು ಇವತ್ತಿನ ಮಟ್ಟಿಗೆ ಆರಾಮಾಗಿ ಇರಿ.

ತೋಟದ_ಇಲಿ · 9:05

ಇಲಿ ನೋಡಿದ್ರಾ? ಮಳೆಗಾಲದಲ್ಲಿ ಬಿಸಿ ಇಂಜಿನ್ ಮೇಲೆ ಬಂದು ಮಲಗುತ್ತವೆ. ನಮ್ಮ ಕೊಪ್ಪದ ಮನೆಯಲ್ಲಿ ಒಂದು ರಾತ್ರಿಯಲ್ಲಿ ಹೆಡ್‌ಲೈಟ್ ವೈರಿನ ಸಿಪ್ಪೆ ಕಡಿದು ಬರೀ ತಂತಿ ಬಿಟ್ಟಿತ್ತು. ಏರ್ ಫಿಲ್ಟರ್ ಡಬ್ಬಿಯಲ್ಲಿ ಅರ್ಧ ಸೇರು ಅಡಿಕೆ ಸಿಪ್ಪೆ ಸಿಕ್ಕಿತು. ಹೊಗೆಸೊಪ್ಪಿನ ಎಸಳು ಕಟ್ಟಿ ನೇತು ಹಾಕಿದ ಮೇಲೆ ಬಂದಿಲ್ಲ.

ಮೆಜೆಸ್ಟಿಕ್_ಟ್ಯಾಕ್ಸಿ · 9:11

ನಿಮ್ಮ ಹೆಸರೇ ಇಲಿ, ನಿಮ್ಮನ್ನು ನಂಬುವುದು ಹೇಗೆ 😄

ಹೈನ್‌ರಿಷ್_ಹಾಸನ (ಸ್ಟಟ್‌ಗಾರ್ಟ್) · ಮಧ್ಯಾಹ್ನ 12:30

ಇಲ್ಲಿ ಜರ್ಮನಿಯಲ್ಲಿ ಹೊಸ ಕಾರಿಗೆ ಮೂರು ವರ್ಷ, ಆಮೇಲೆ ಎರಡೆರಡು ವರ್ಷಕ್ಕೊಮ್ಮೆ ತಪಾಸಣೆ. ಹೆಡ್‌ಲೈಟ್ ಎತ್ತರ, ಕೋನ ಎಲ್ಲಾ ಯಂತ್ರ ಇಟ್ಟು ನೋಡುತ್ತಾರೆ. ಕಂಡಕಂಡ ಎಲ್‌ಇಡಿ ಬಲ್ಬ್ ಹಾಕಿದ್ದರೆ ಸ್ಟಿಕ್ಕರ್ ಕೊಡದೆ ವಾಪಸ್ ಕಳಿಸುತ್ತಾರೆ. ಊರಿಗೆ ಬಂದಾಗ ಶಿರಾಡಿಯಲ್ಲಿ ರಾತ್ರಿ ಓಡಿಸುವುದೆಂದರೆ ನನಗೆ ಈಗ ನಿಜಕ್ಕೂ ಭಯ.

ನಾಲ್ಕುಚಕ್ರ · 12:34

ಇಲ್ಲಿ ಎಫ್‌ಸಿಗೆ (ಫಿಟ್‌ನೆಸ್ ಸರ್ಟಿಫಿಕೇಟ್) ಹೋಗುವ ಲಾರಿಗೆ ಬಾಡಿಗೆಗೆ ಹೆಡ್‌ಲೈಟ್ ಸಿಗುತ್ತದೆ ಅಂತ ನಮ್ಮ ಮಾವ ತಮಾಷೆ ಮಾಡುತ್ತಾರೆ.

ಕಾಫಿತೋಟ_ಕಾರು · ಸಂಜೆ 6:10

ಪಕ್ಕದ ಮನೆಯ ಐಟಿಐ ಹುಡುಗನ ಹತ್ತಿರ ಮೀಟರ್ ತಂದೆ. ಅವನೂ ಬಂದ, ಛತ್ರಿ ಹಿಡಿಯಲು.

ಬೆಳಿಗ್ಗೆ ಸ್ಟಾರ್ಟ್ ಮಾಡುವ ಮುಂಚೆ: 12.5
ಇಂಜಿನ್ ಓಡುವಾಗ, ಎಲ್ಲಾ ಆಫ್: 13.9
ಲೈಟ್, ಬ್ಲೋವರ್, ವೈಪರ್ ಹಾಕಿದಾಗ: 12.9ರಿಂದ 13.4ರವರೆಗೆ ಕುಣಿಯುತ್ತದೆ. ನಿಲ್ಲುವುದೇ ಇಲ್ಲ.

ನಾಲ್ಕುಚಕ್ರ · 6:14

ನೋಡಿ! 12.9! ಮೊದಲೇ ಹೇಳಿದೆ. ಆಲ್ಟರ್ನೇಟರ್.

ಹಳೇ_ಡೈನಮೋ · 6:45

ಸ್ವಲ್ಪ ತಡೆಯಪ್ಪಾ. ತೊಟ್ಟಿಯಲ್ಲಿ ನೀರು ಕಡಿಮೆ ಬಂದರೆ ಪಂಪೇ ಹಾಳಾಗಿರಬೇಕು ಅಂತ ಇಲ್ಲ, ಪೈಪೂ ಕಟ್ಟಿರಬಹುದು. ಪಂಪಿನ ಬಾಯಲ್ಲೇ ನೋಡೋಣ.

ತಮ್ಮಾ, ಎಲ್ಲಾ ಲೋಡ್ ಹಾಕಿಯೇ ಇರಲಿ. ತೋಳಿನ ಬಟ್ಟೆ ಮಡಿಸಿಕೊ, ಬೆಲ್ಟ್ ತಿರುಗುತ್ತಿರುತ್ತದೆ, ಫ್ಯಾನ್ ಯಾವಾಗ ಬೇಕಾದರೂ ಶುರುವಾಗುತ್ತದೆ. ಮೀಟರಿನ ಕೆಂಪು ಕಡ್ಡಿಯನ್ನು ಆಲ್ಟರ್ನೇಟರ್ ಹಿಂದಿನ ದಪ್ಪ ವೈರಿನ ನಟ್ಟಿಗೆ, ಕಪ್ಪು ಕಡ್ಡಿಯನ್ನು ಆಲ್ಟರ್ನೇಟರಿನ ಮೈಗೇ ಹಿಡಿ. ಎಷ್ಟು?

ಆಮೇಲೆ ಒಂದು ಕಡ್ಡಿ ಬ್ಯಾಟರಿ ಪ್ಲಸ್ಸಿಗೆ, ಇನ್ನೊಂದು ಆಲ್ಟರ್ನೇಟರಿನ ಆ ನಟ್ಟಿಗೆ. ಎಷ್ಟು? ಕೊನೆಗೆ ಒಂದು ಕಡ್ಡಿ ಬ್ಯಾಟರಿ ಮೈನಸ್ಸಿಗೆ, ಇನ್ನೊಂದು ಆಲ್ಟರ್ನೇಟರ್ ಮೈಗೆ. ಈ ಕೊನೆಯದು 0.2ರ ಒಳಗೆ ಇರಬೇಕು.

ತಂತಿ_ತರಂಗ · 6:50

ಜೊತೆಗೆ ಮೀಟರನ್ನು ಎಸಿಗೆ ತಿರುಗಿಸಿ ಬ್ಯಾಟರಿ ಮೇಲೂ ಒಂದು ಸಲ ನೋಡಿ. ಅರ್ಧ ವೋಲ್ಟಿಗಿಂತ ಜಾಸ್ತಿ ತೋರಿಸಿದರೆ ಡಯೋಡ್ ಮೇಲೆ ಅನುಮಾನ.

ಕಾಫಿತೋಟ_ಕಾರು · 7:35

ಪೂರ್ತಿ ನೆನೆದು ಬಂದೆ. ಆಲ್ಟರ್ನೇಟರ್ ಮೇಲೆ 14.3, ಕದಲದೆ ನಿಂತಿದೆ! ಪ್ಲಸ್ ಕಡೆ 0.15. ಮೈನಸ್ ಕಡೆ 0.8ರಿಂದ 1.2ರವರೆಗೆ ಕುಣಿಯುತ್ತದೆ. ಎಸಿಯಲ್ಲಿ ಹೆಚ್ಚುಕಡಿಮೆ ಏನೂ ಇಲ್ಲ. ಅಂದರೆ ಏನು?

ತಂತಿ_ತರಂಗ · 7:38

ಆಹಾ! 14.3ರಲ್ಲಿ 0.15 ಕಳೆದು, ಮೈನಸ್ ಕಡೆಯ 1.2 ಕಳೆಯಿರಿ. 12.95. 0.8 ಕಳೆದರೆ 13.35. ನಿಮ್ಮ ಬ್ಯಾಟರಿ ಮೇಲೆ ಬಂದ ಲೆಕ್ಕವೇ. ಆಲ್ಟರ್ನೇಟರ್ ಪಾಪ ಸರಿಯಾಗಿಯೇ ದುಡಿಯುತ್ತಿದೆ, ದಾರಿಯಲ್ಲಿ ಕಳ್ಳತನ ಆಗುತ್ತಿದೆ.

ಅಂದ ಹಾಗೆ, ಹ್ಯಾಲೊಜೆನ್ ಬಲ್ಬಿಗೆ ವೋಲ್ಟೇಜ್ ಹತ್ತು ಪರ್ಸೆಂಟ್ ಇಳಿದರೆ ಬೆಳಕು ಮೂವತ್ತು ಪರ್ಸೆಂಟ್ ಹತ್ತಿರ ಇಳಿಯುತ್ತದೆ. ಅದಕ್ಕೇ ಒಂದು ವೋಲ್ಟ್ ಹೋದರೂ ಬುಡ್ಡಿ ದೀಪ ಆಗುವುದು.

ಹಳೇ_ಡೈನಮೋ · 7:50

ಇಂಜಿನ್ನಿಗೂ ಬಾಡಿಗೂ ನಡುವಿನ ಅರ್ಥ್ ಪಟ್ಟಿ. ಇಂಜಿನ್ ರಬ್ಬರ್ ಮೌಂಟ್ ಮೇಲೆ ಕೂತಿರುತ್ತದೆ, ರಬ್ಬರಿನಲ್ಲಿ ಕರೆಂಟ್ ಹೋಗುವುದಿಲ್ಲ. ಆ ಒಂದು ಪಟ್ಟಿಯೇ ದಾರಿ. ಸಾಮಾನ್ಯವಾಗಿ ಗೇರ್‌ಬಾಕ್ಸಿನ ಬೋಲ್ಟಿನಿಂದ ಬಾಡಿಗೆ ಇರುತ್ತದೆ. ಅದು ಸಡಿಲ ಆದರೆ ಸೆಲ್ಫ್ ಮೋಟರಿನ ಕರೆಂಟೂ ಅಲ್ಲೇ ಹೋಗಬೇಕಲ್ಲ, ಅದಕ್ಕೇ ನಿನಗೆ "ಟಕ್" ಅನ್ನುವುದು.

ಈಗ ನಿಜ ಹೇಳು. ಗೇರ್‌ಬಾಕ್ಸ್ ಯಾವಾಗ ಇಳಿಸಿದೆ?

ಕಾಫಿತೋಟ_ಕಾರು · 7:58

ಅಯ್ಯೋ. ಏಪ್ರಿಲ್‌ನಲ್ಲಿ ಕ್ಲಚ್ ಪ್ಲೇಟ್ ಹಾಕಿಸಿದ್ದೆ. ಲೈಟಿಗೂ ಕ್ಲಚ್ಚಿಗೂ ಏನು ಸಂಬಂಧ ಅಂತ ಬರೆಯಲೇ ಇಲ್ಲ.

ಮೆಜೆಸ್ಟಿಕ್_ಟ್ಯಾಕ್ಸಿ · 8:00

"ಬೇರೆ ಯಾವ ಕೆಲಸವನ್ನೂ ಮಾಡಿಸಿಲ್ಲ" 😂😂

ಹಳೇ_ಡೈನಮೋ · 8:12

ಡಾಕ್ಟರ ಹತ್ತಿರ ಬಂದವರೂ ಹೀಗೇ. ಮಾತ್ರೆ ಏನೂ ತಗೊಂಡಿಲ್ಲ ಅಂತಾರೆ, ಆಮೇಲೆ ಜೇಬಿನಿಂದ ನಾಲ್ಕು ಬಣ್ಣದ್ದು ತೆಗೆಯುತ್ತಾರೆ.

ಕ್ಲಚ್ ಪ್ಲೇಟ್ ಹಾಕಬೇಕಾದರೆ ಗೇರ್‌ಬಾಕ್ಸ್ ಇಳಿಸಬೇಕು, ಅದಕ್ಕೆ ಆ ಪಟ್ಟಿ ಬಿಚ್ಚಬೇಕು. ವಾಪಸ್ ಹಾಕುವಾಗ ಸರಿಯಾಗಿ ಬಿಗಿ ಮಾಡಿಲ್ಲ. ಬೇಸಿಗೆಯಲ್ಲಿ ನಡೆಯಿತು, ಮಳೆ ಬಿದ್ದ ಮೇಲೆ ಕಿಲುಬು ಹಿಡಿಯಿತು. ನಾಳೆ ಜಂಪರ್ ಕೇಬಲ್ ಇದ್ದರೆ ಒಂದು ತುದಿ ಬ್ಯಾಟರಿ ಮೈನಸ್ಸಿಗೆ, ಇನ್ನೊಂದು ಇಂಜಿನ್ ಎತ್ತುವ ಕೊಂಡಿಗೆ ಹಾಕು. ಮಿಣುಕುವುದು ನಿಂತರೆ ಮುಗಿಯಿತು. ಇನ್ನೊಂದು ಹಳೇ ಗುರುತು ಹೇಳುತ್ತೇನೆ. ಅರ್ಥ್ ಕೆಟ್ಟ ಗಾಡಿಯಲ್ಲಿ ನಾಲ್ಕು ಸಲ ಸೆಲ್ಫ್ ಹೊಡೆದು ಕ್ಲಚ್ ಕೇಬಲ್ ಮುಟ್ಟಿದರೆ ಬೆಚ್ಚಗಿರುತ್ತದೆ. ದೊಡ್ಡ ದಾರಿ ಕಟ್ಟಿದರೆ ಕರೆಂಟ್ ಕಾಲುದಾರಿ ಹುಡುಕುತ್ತದೆ.

ಹೈನ್‌ರಿಷ್_ಹಾಸನ · 8:20

ವಿಷಯಾಂತರಕ್ಕೆ ಕ್ಷಮಿಸಿ. ಕೊಟ್ಟಿಗೆಹಾರದಲ್ಲಿ ನೀರು ದೋಸೆ ಈಗಲೂ ಮೊದಲಿನ ಹಾಗೇ ಇದೆಯಾ?

ತೋಟದ_ಇಲಿ · 8:22

ದೋಸೆ ಹಾಗೇ ಇದೆ. ಚಟ್ನಿ ನೀರಾಗಿದೆ.

ಕುಡ್ಲದ_ಹುಡುಗಿ · 8:24

ನೀರು ದೋಸೆ ತಿನ್ನಲು ಘಾಟಿ ಹತ್ತುವವರನ್ನು ಇವತ್ತೇ ನೋಡಿದ್ದು. ಇಳಿದು ಬನ್ನಿ ಮಾರಾಯ್ರೆ, ಇಲ್ಲಿ ಮನೆಮನೆಯಲ್ಲೂ ಇದೆ.

ಕಾಫಿತೋಟ_ಕಾರು · ಮಂಗಳವಾರ ಮಧ್ಯಾಹ್ನ 3:15

ಜಂಪರ್ ಕೇಬಲ್ ಹಾಕಿದ ತಕ್ಷಣ ನಿಂತಿತು! ತೆಗೆದರೆ ಮಿಣಮಿಣ, ಹಾಕಿದರೆ ಗಪ್‌ಚಿಪ್. ಐಟಿಐ ಹುಡುಗ ನಾಲ್ಕು ಸಲ ಹಾಕಿ ತೆಗೆದು ಮಜಾ ತೆಗೆದುಕೊಂಡ.

ಆಮೇಲೆ ಬೇರೆ ಒಂದು ಗ್ಯಾರೇಜಿನಲ್ಲಿ ಗಾಡಿ ಎತ್ತಿಸಿ ನೋಡಿದೆವು. ಗೇರ್‌ಬಾಕ್ಸ್ ಬೋಲ್ಟಿಗೆ ಸ್ಪ್ಯಾನರೇ ಬೇಕಾಗಲಿಲ್ಲ, ಬೆರಳಲ್ಲೇ ತಿರುಗಿತು. ಹೆಣೆದ ತಾಮ್ರದ ಪಟ್ಟಿ, ತುದಿಯಲ್ಲಿ ಅರ್ಧ ಎಳೆ ಕಿತ್ತುಹೋಗಿವೆ. ಉಳಿದ ಅರ್ಧದ ಮೇಲೆ ದೇವರ ಮನೆಯ ಹಳೇ ತಂಬಿಗೆಯ ಹಾಗೆ ಹಸಿರು ಕಿಲುಬು. ಬಾಡಿ ಕಡೆ ಬೋಲ್ಟಿನ ಕೆಳಗೆ ತುಕ್ಕು. ಎಮರಿ ಪೇಪರಿನಲ್ಲಿ ಉಜ್ಜಿ ಲೋಹ ಹೊಳೆಯುವ ಹಾಗೆ ಮಾಡಿ, ಹೊಸ ಪಟ್ಟಿ ಬಿಗಿ ಮಾಡಿ, ಮೇಲೆ ಗ್ರೀಸ್ ಹಚ್ಚಿದರು. ಪಟ್ಟಿಗೆ 180, ಕೂಲಿ 200.

ಈಗ ಎಲ್ಲಾ ಲೋಡ್ ಹಾಕಿದರೂ ಬ್ಯಾಟರಿ ಮೇಲೆ 14.1. ಮೈನಸ್ ಕಡೆ 0.05. ಸೆಲ್ಫ್ ಒಂದೇ ಏಟಿಗೆ.

ಮೆಜೆಸ್ಟಿಕ್_ಟ್ಯಾಕ್ಸಿ · 3:19

380 ರೂಪಾಯಿ! ಹಳೇ ಬ್ಯಾಟರಿ ಅಂಗಡಿಯವರಿಗೆ ಕೊಟ್ಟುಬಿಟ್ರಾ?

ಕಾಫಿತೋಟ_ಕಾರು · 3:21

ಎಕ್ಸ್‌ಚೇಂಜಿನಲ್ಲಿ ಕೊಟ್ಟೆ. ಅದನ್ನು ನೆನಪಿಸಬೇಡಿ.

ನಾಲ್ಕುಚಕ್ರ · 3:40

ಸರಿ, ಒಪ್ಪಿದೆ. ಆದರೂ 1,32,000 ಓಡಿದೆ, ಆಲ್ಟರ್ನೇಟರ್ ಒಳಗಿನ ಕಾರ್ಬನ್ ಬ್ರಷ್ ಇವತ್ತಲ್ಲ ನಾಳೆ ಹೋಗುತ್ತದೆ. ಆಗ ನನ್ನನ್ನು ನೆನೆಸಿಕೊಳ್ಳಿ.

ಹಳೇ_ಡೈನಮೋ · 4:02

ಅದು ನಿಜ. ಆದರೆ ಆಗಲೂ ಬ್ರಷ್ ಮಾತ್ರ ಹಾಕಿಸು ತಮ್ಮಾ, ಪೂರ್ತಿ ಆಲ್ಟರ್ನೇಟರ್ ಬೇಡ. ಬ್ಯಾಟರಿ ಟರ್ಮಿನಲ್ ಮೇಲೆ ಬಿಳಿ ಪುಡಿ ಬಂದರೆ ಬಿಸಿನೀರು ಹುಯ್ದು ತೊಳೆದು ವ್ಯಾಸಲಿನ್ ಸವರು. ಅಮ್ಮನಿಗೆ ಬುಡ್ಡಿ ದೀಪ ಹೋಯಿತು ಅಂತ ಹೇಳು.

ಕಾಫಿತೋಟ_ಕಾರು · ರಾತ್ರಿ 9:30

ಹೇಳಿದೆ ಯಜಮಾನ್ರೇ. ಈಗಷ್ಟೇ ಕೊಟ್ಟಿಗೆಹಾರದವರೆಗೆ ಒಂದು ಸುತ್ತು ಹೋಗಿ ಬಂದೆವು, ಮಂಜು ಇವತ್ತೂ ಇತ್ತು. "ಈಗ ಜಾಸ್ತಿ ಬೆಳಕಾಯ್ತು, ಎದುರಿನವರಿಗೆ ಕಣ್ಣು ಕುಕ್ಕುತ್ತೆ, ಡಿಮ್ ಮಾಡು" ಅಂದರು.

ತೋಟದ_ಇಲಿ · 9:34

ದೋಸೆ ತಿಂದ್ರಾ?

ಕಾಫಿತೋಟ_ಕಾರು · 9:36

ಆರು. ಚಟ್ನಿ ನಿಜಕ್ಕೂ ನೀರು.